ಕಾಲುವೆಯ ಗೇಟಿಗೆ ಮಾತು ಕಲಿಸುವುದು



ಮೇ ತಿಂಗಳ 22ನೇ ತಾರೀಖು ನಮ್ಮ ಭಾಗದವರು ನೆನಪಿಡಬೇಕಾದ ದಿನ. 1964ರಲ್ಲಿ ಅದೇ ದಿನ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಸರಿಯಾಗಿ ಒಂಬತ್ತು ವರ್ಷಗಳ ಬಳಿಕ, 1973ರ ಮೇ 22ರಂದು, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ರಾಬರ್ಟ್ ಮೆಟ್‌ಕಾಫ್ ಎಂಬ ಇಪ್ಪತ್ತೇಳರ ಯುವಕ ಒಂದು ಟಿಪ್ಪಣಿ ಬರೆದ. ಕಟ್ಟಡದೊಳಗಿನ ಕಂಪ್ಯೂಟರುಗಳನ್ನೆಲ್ಲ ಒಂದೇ ತಂತಿಗೆ ಪೋಣಿಸಿ, ಅವು ತಮ್ಮತಮ್ಮಲ್ಲಿ ಮಾತಾಡುವಂತೆ ಮಾಡುವುದು ಹೇಗೆ ಎಂಬುದು ಅದರ ವಿಷಯ. ಆ ಜಾಲಕ್ಕೆ ಆತ ಇಟ್ಟ ಹೆಸರು ಈಥರ್‌ನೆಟ್. ಒಂದು ಕಡೆ ನೀರಿನ ಕೆಲಸ, ಇನ್ನೊಂದು ಕಡೆ ಸುದ್ದಿಯ ಕೆಲಸ. ಆಗ ಇವೆರಡಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇವತ್ತು ಇದೆ. ಆ ಸಂಬಂಧ ನಮ್ಮ ನಾಲ್ಕು ತಾಲ್ಲೂಕುಗಳ ಹೊಲದವರೆಗೂ ಬಂದು ನಿಂತಿದೆ ಎಂಬುದನ್ನು ಹೇಳಲು ನಾನು ಇಲ್ಲಿ ನಿಂತಿದ್ದೇನೆ.

ನೀರಿನ ದಾರಿಯನ್ನು ಒಮ್ಮೆ ನೋಡೋಣ. ಆಲಮಟ್ಟಿ ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿತ್ತು. ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದೆ. ಅಲ್ಲಿಂದ ಬಿಟ್ಟ ನೀರು ಮುದ್ದೇಬಿಹಾಳ ತಾಲ್ಲೂಕಿನ ದಕ್ಷಿಣದ ಅಂಚನ್ನು ಹಾಯ್ದು ನಾರಾಯಣಪುರದ ಬಸವಸಾಗರಕ್ಕೆ ಬರುತ್ತದೆ. ಅಲ್ಲಿ ಎಡದಂಡೆ ಕಾಲುವೆ ಹೊರಡುತ್ತದೆ. ಅದರಿಂದ ಕವಲೊಡೆಯುವ ಇಂಡಿ ಶಾಖಾ ಕಾಲುವೆ ಸಿಂದಗಿ ಸೀಮೆಯನ್ನು ದಾಟಿ ಇಂಡಿಯ ಕಡೆ ಹೋಗುತ್ತದೆ. ಕಾಲುವೆಯ ನಕ್ಷೆಯಲ್ಲಿ ಇದು ಒಂದು ಗೆರೆ. ರೈತನ ಕಣ್ಣಿಗೆ ಅದು ದೊಡ್ಡ ಸರದಿ. ಸರದಿಯ ತಲೆಯಲ್ಲಿರುವವನಿಗೆ ನೀರು ಕಂಡಷ್ಟು, ಬಾಲದಲ್ಲಿರುವವನಿಗೆ ಉಳಿದಷ್ಟು. ಇಷ್ಟು ದಿನ ಚಾಲು, ಇಷ್ಟು ದಿನ ಬಂದ್ ಎಂದು ನೀರಾವರಿ ಸಲಹಾ ಸಮಿತಿ ಪಟ್ಟಿ ಹಾಕಿದರೂ, ಮೇಲಿನ ಗೇಟು ಅರ್ಧ ದಿನ ಹೆಚ್ಚು ತೆರೆದಿದ್ದರೆ ಕೆಳಗಿನ ಹೊಲದ ತೊಗರಿ, ಹತ್ತಿ ಬಾಡುತ್ತವೆ.

ಈ ತಾರತಮ್ಯ ತಗ್ಗಿಸಲೆಂದು ಎಡದಂಡೆ ಕಾಲುವೆಯನ್ನು ವಿಸ್ತರಿಸಿ, ದುರಸ್ತಿ ಮಾಡಿ, ಆಧುನೀಕರಿಸುವ ಯೋಜನೆಯೊಂದು ನಡೆಯಿತು. 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿಯವರು ಅದನ್ನು ಉದ್ಘಾಟಿಸಿದರು. ಸರ್ಕಾರ ಕೊಟ್ಟ ಲೆಕ್ಕ ಹೀಗಿತ್ತು: ವೆಚ್ಚ ಸುಮಾರು 4,700 ಕೋಟಿ ರೂಪಾಯಿ, ಕಾಲುವೆಯ ಸಾಮರ್ಥ್ಯ 10,000 ಕ್ಯುಸೆಕ್, ನೀರು ಕಾಣಬೇಕಾದ ನೆಲ 4.5 ಲಕ್ಷ ಹೆಕ್ಟೇರ್, ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳು. ಈ ಯೋಜನೆಯ ಮುಖ್ಯ ಅಂಗ ಸ್ಕಾಡಾ. ಅಂದರೆ ಗೇಟಿನ ಬಳಿ ನೀರಿನ ಮಟ್ಟ ಅಳೆಯುವುದು, ಆ ಅಳತೆಯನ್ನು ದೂರದ ನಿಯಂತ್ರಣ ಕೋಣೆಗೆ ಕಳಿಸುವುದು, ಅಲ್ಲಿಂದ ಬಂದ ಅಪ್ಪಣೆಯಂತೆ ಗೇಟನ್ನು ಏರಿಸುವುದು, ಇಳಿಸುವುದು.

ಇಂಥ ವ್ಯವಸ್ಥೆಯಲ್ಲಿ ಗೇಟಿನ ಪಕ್ಕ ಒಂದು ಪೆಟ್ಟಿಗೆ ಇರುತ್ತದೆ. ಅದರೊಳಗೆ ಅಂಗೈಯಗಲದ ಒಂದು ಹಲಗೆ. ಅದೂ ಕಂಪ್ಯೂಟರೇ. ಆದರೆ ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಯಂತ್ರದ ಹೊಟ್ಟೆಯಲ್ಲಿ ಹುದುಗಿಕೊಂಡು ಒಂದೇ ಕೆಲಸ ಮಾಡುವ ಇಂಥದಕ್ಕೆ ಎಂಬೆಡೆಡ್ ಕಂಪ್ಯೂಟರ್ ಎನ್ನುತ್ತಾರೆ. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಕೂಡ ಚಿಕ್ಕದು, ಚುರುಕಿನದು. 1987ರಲ್ಲಿ ಬಂದ ವಿಎಕ್ಸ್‌ವರ್ಕ್ಸ್, 2003ರ ಫ್ರೀಆರ್‌ಟಿಓಎಸ್, 2016ರ ಝೆಫಿರ್, ಇವಲ್ಲದೆ ಲಿನಕ್ಸಿನ ಕಿರಿಯ ರೂಪಗಳು ಈ ಬಳಗದವು. ಪೆಟ್ಟಿಗೆಯಿಂದಾಚೆ ಸುದ್ದಿ ಹೋಗುವ ದಾರಿ ರೇಡಿಯೊ ಆಗಿರಬಹುದು, ಮೊಬೈಲ್ ಜಾಲ ಆಗಿರಬಹುದು, ಗಾಜಿನೆಳೆಯೂ ಆಗಿರಬಹುದು. ಆದರೆ ಈ ಹಲಗೆಯಿಂದ ಆ ರೇಡಿಯೊ ಯಂತ್ರಕ್ಕೆ ಹೋಗುವ ಮೊದಲ ಮೊಳದ ತಂತಿ ಈಥರ್‌ನೆಟ್ ಆಗಿರುವುದು ಸಾಮಾನ್ಯ.

ಈಥರ್‌ನೆಟ್ಟಿನ ಮೂಲ ನಡವಳಿಕೆ ನಮ್ಮ ಊರಕಟ್ಟೆಯ ಮೇಲಿನ ಮಾತುಕತೆಯಂಥದು. ಮೊದಲು ಕಿವಿಗೊಡು, ಯಾರೂ ಮಾತಾಡುತ್ತಿಲ್ಲವಾದರೆ ನೀನು ಮಾತಾಡು. ಇಬ್ಬರು ಒಮ್ಮೆಲೇ ಬಾಯಿ ತೆರೆದರೆ ಇಬ್ಬರೂ ನಿಲ್ಲಿಸಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಶುರುಮಾಡಿ. ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ಪ್ರತಿಯೊಬ್ಬರೂ ಚೀಟಿ ಎತ್ತಿದಂತೆ ಬೇರೆಬೇರೆಯಾಗಿ ಆರಿಸಿಕೊಳ್ಳುವುದರಿಂದ ಎರಡನೇ ಬಾರಿ ಡಿಕ್ಕಿಯಾಗುವುದು ಕಡಿಮೆ. ಹವಾಯಿ ದ್ವೀಪಗಳಲ್ಲಿ ನಾರ್ಮನ್ ಅಬ್ರಾಮ್‌ಸನ್ ಕಟ್ಟಿದ ಅಲೋಹಾ ಎಂಬ ರೇಡಿಯೊ ಜಾಲದಿಂದ ಮೆಟ್‌ಕಾಫ್ ಈ ಕಲ್ಪನೆ ಪಡೆದು ತಿದ್ದಿದ. 1983ರಲ್ಲಿ ಅದು 802.3 ಎಂಬ ಅಂಕಿಯ ಮಾನಕವಾಯಿತು.

ಇನ್ನು ಡ್ರೈವರ್. ಟಂಟಂ ಓಡಿಸುವವನಂತೆ ಈ ಡ್ರೈವರನಿಗೂ ದಾರಿ ಗೊತ್ತಿರಬೇಕು, ಗಾಡಿಯ ಗುಣವೂ ಗೊತ್ತಿರಬೇಕು. ಆಪರೇಟಿಂಗ್ ಸಿಸ್ಟಮ್ಮಿಗೆ ಗೊತ್ತಿರುವುದು "ಈ ಪತ್ರ ಕಳಿಸು" ಎನ್ನುವುದಷ್ಟೇ. ಈಥರ್‌ನೆಟ್ ಚಿಪ್ಪಿಗೆ ಗೊತ್ತಿರುವುದು ತನ್ನೊಳಗಿನ ಗೂಡುಗಳಲ್ಲಿ ಬಿದ್ದ ಸೊನ್ನೆ ಮತ್ತು ಒಂದುಗಳು ಮಾತ್ರ. ಈ ಎರಡರ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸುವ ದುಭಾಷಿ ತಂತ್ರಾಂಶವೇ ಡ್ರೈವರ್. ಮನೆಯ ಕಂಪ್ಯೂಟರಿನಲ್ಲಿ ಇದರ ಗೋಜು ನಮಗಿಲ್ಲ. ಅಲ್ಲಿ ಚಿಪ್ಪು ತಾನಾಗಿಯೇ ತನ್ನ ಕಂಪನಿ, ತನ್ನ ಅಂಕಿ ಹೇಳುತ್ತದೆ; ಯಂತ್ರ ತಕ್ಕ ಡ್ರೈವರನ್ನು ಹುಡುಕಿ ಕೂಡಿಸುತ್ತದೆ. ಬೆಸುಗೆ ಹಾಕಿದ ಚಿಕ್ಕ ಹಲಗೆಯಲ್ಲಿ ಹೆಚ್ಚಾಗಿ ಹೀಗೆ ಹೇಳುವವರಿಲ್ಲ. ಎಲ್ಲವನ್ನೂ ಮನುಷ್ಯನೇ ಮುಂಚಿತವಾಗಿ ಬರೆದಿಡಬೇಕು. ಈ ಬರೆದಿಡುವುದಕ್ಕೆ ಕಾನ್ಫಿಗರ್ ಮಾಡುವುದು ಎನ್ನುತ್ತಾರೆ. ನಾವು ಹೊಂದಿಸುವುದು ಎನ್ನೋಣ. ಹೊಂದಿಸುವವನು ಆರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು.

ಮೊದಲನೆಯದು, ಚಿಪ್ಪು ಎಲ್ಲಿದೆ? ಅದರ ಗೂಡುಗಳು ಸ್ಮೃತಿಯ ಯಾವ ವಿಳಾಸದಿಂದ ಶುರುವಾಗುತ್ತವೆ, ಪತ್ರ ಬಂದಾಗ ಅದು ಪ್ರೊಸೆಸರಿನ ಯಾವ ಬಾಗಿಲು ಬಡಿಯುತ್ತದೆ ಎಂದು ಹೇಳಬೇಕು. ತಂತಿಯ ಮೇಲಿನ ವಿದ್ಯುತ್ ಸಂಕೇತಗಳನ್ನು ನೋಡಿಕೊಳ್ಳುವ ಇನ್ನೊಂದು ಚಿಪ್ಪು ಪಕ್ಕದಲ್ಲಿರುತ್ತದೆ. ಅದಕ್ಕೆ 0ಯಿಂದ 31ರವರೆಗಿನ ಒಂದು ಮನೆ ನಂಬರು. ಹಲಗೆ ಮಾಡಿದವರು 1 ಎಂದು ಕೂಡಿಸಿ, ಡ್ರೈವರಿನಲ್ಲಿ 0 ಎಂದು ಬರೆದಿದ್ದರೆ ಡ್ರೈವರ್ ಖಾಲಿ ಮನೆಯ ಕದ ತಟ್ಟುತ್ತದೆ. ತಂತಿ ಸರಿಯಿದೆ, ಚಿಪ್ಪು ಸರಿಯಿದೆ, ಜಾಲ ಮಾತ್ರ ಇಲ್ಲ. ವಿಎಕ್ಸ್‌ವರ್ಕ್ಸಿನಲ್ಲಿ ಈ ವಿವರಗಳು ಹಲಗೆಗೆಂದೇ ಬರೆದ ಕಡತಗಳಲ್ಲಿರುತ್ತವೆ. ಲಿನಕ್ಸಿನಲ್ಲಿ ಡಿವೈಸ್ ಟ್ರೀ ಎಂಬ ವಂಶವೃಕ್ಷದಂಥ ಪಟ್ಟಿಯಲ್ಲಿರುತ್ತವೆ.

ಎರಡನೆಯದು, ನೀನು ಯಾರು? ಪ್ರತಿ ಈಥರ್‌ನೆಟ್ ಯಂತ್ರಕ್ಕೂ 48 ಬಿಟ್ಟುಗಳ ಒಂದು ಗುರುತು, ಅಂದರೆ ಮ್ಯಾಕ್ ವಿಳಾಸ ಇರಬೇಕು. ವಾಡಿಕೆಯಂತೆ ಅದರ ಮೊದಲರ್ಧ ತಯಾರಕರಿಗೆ ಹಂಚಿಕೊಟ್ಟದ್ದು, ಉಳಿದರ್ಧ ಆ ಯಂತ್ರದ್ದು. ನೂರು ಹಲಗೆಗಳಿಗೆ ತಂತ್ರಾಂಶ ತುಂಬುವಾಗ ಒಂದರ ಪ್ರತಿಯನ್ನು ಹಾಗೇ ಎಲ್ಲಕ್ಕೂ ನಕಲು ಮಾಡಿದರೆ ನೂರಕ್ಕೂ ಒಂದೇ ಗುರುತು ಬರಬಹುದು. ಒಂದೇ ಓಣಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಅಂಚೆಯವನು ಒಮ್ಮೆ ಇವನಿಗೆ, ಒಮ್ಮೆ ಅವನಿಗೆ ಪತ್ರ ಕೊಟ್ಟಂತೆ ಜಾಲದ ಸ್ವಿಚ್ಚು ತಬ್ಬಿಬ್ಬಾಗುತ್ತದೆ. ಒಂದೊಂದೇ ಪೆಟ್ಟಿಗೆ ಪರೀಕ್ಷಿಸಿದರೆ ಎಲ್ಲವೂ ಸರಿ. ಒಟ್ಟಿಗೆ ಕೂಡಿಸಿದರೆ ಜಗಳ.

ಮೂರನೆಯದು, ಎಷ್ಟು ವೇಗ, ಒಮ್ಮುಖವೋ ಇಮ್ಮುಖವೋ? ಹಳೆಯ ಪದ್ಧತಿಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕಿತ್ತು. ಈಗ ಹೋಗುವ ದಾರಿ, ಬರುವ ದಾರಿ ಬೇರೆಬೇರೆ ಇವೆ. ಎರಡೂ ತುದಿಯ ಯಂತ್ರಗಳು ಮೊದಲೇ ಮಾತಾಡಿಕೊಂಡು ಯಾವ ರೀತಿ ಎಂದು ಒಪ್ಪುತ್ತವೆ. ತೊಂದರೆ ಬರುವುದು ಒಂದು ತುದಿಯಲ್ಲಿ ಯಾರೋ "100ರ ವೇಗ, ಇಮ್ಮುಖ" ಎಂದು ಕೈಯಿಂದ ಕಟ್ಟಿಹಾಕಿ, ಇನ್ನೊಂದು ತುದಿಯನ್ನು ಹಾಗೇ ಬಿಟ್ಟಾಗ. ಬಿಟ್ಟ ತುದಿ ವೇಗವನ್ನು ಗುರುತಿಸಬಲ್ಲದು. ಒಮ್ಮುಖವೋ ಇಮ್ಮುಖವೋ ಗುರುತಿಸಲಾರದು. ಹಾಗಾಗಿ ಒಮ್ಮುಖವೆಂದೇ ಹಿಡಿಯುತ್ತದೆ. ಒಂದೇ ಗಾಡಿ ದಾಟುವ ಸೇತುವೆ ಇದೆಂದು ಇವನು ಕಾಯುತ್ತಾನೆ, ಜೋಡಿ ರಸ್ತೆ ಎಂದು ಅವನು ನುಗ್ಗುತ್ತಾನೆ. ಒಂದೆರಡು ಪತ್ರಗಳ ಪರೀಕ್ಷೆಯಲ್ಲಿ ಇದು ಕಾಣಿಸುವುದಿಲ್ಲ. ಗೇಟಿನ ದಿನದ ಲೆಕ್ಕವೆಲ್ಲ ಒಟ್ಟಿಗೆ ಹೊರಟಾಗ ಜಾಲ ಏದುಸಿರು ಬಿಡುತ್ತದೆ.

ನಾಲ್ಕನೆಯದು, ಬಂದ ಪತ್ರಗಳನ್ನು ಇಡಲು ಎಷ್ಟು ಜಾಗ? ಇದಕ್ಕೆ ವಿಜಯಪುರದಲ್ಲೇ ಒಳ್ಳೆಯ ದೃಷ್ಟಾಂತವಿದೆ. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಊರಿಗೆ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಜಲಗೋಪುರಗಳು. ಕೊಳವೆಯ ಒತ್ತಡ ತಗ್ಗಿಸುವುದು, ರಾಡಿ ತಳಕ್ಕಿಳಿಯಲು ಬಿಡುವುದು ಅವುಗಳ ಕೆಲಸ. ಗಂಜ್ ಇಲ್ಲದಿದ್ದರೆ ರಭಸಕ್ಕೆ ಕೊಳವೆ ಒಡೆದೀತು. ಡ್ರೈವರಿನ ಬಫರುಗಳೂ ಅಂಥ ತಂಗುದಾಣಗಳು. ಪ್ರೊಸೆಸರ್ ಬೇರೆ ಕೆಲಸದಲ್ಲಿದ್ದಾಗ ಬಂದ ಪತ್ರಗಳು ಅಲ್ಲಿ ಕಾಯುತ್ತವೆ. ಅವು ತೀರ ಕಡಿಮೆಯಿದ್ದರೆ ಒಮ್ಮೆಲೇ ಹತ್ತಾರು ಪತ್ರ ಬಂದಾಗ ಕೆಲವು ಸದ್ದಿಲ್ಲದೆ ಕಳೆದುಹೋಗುತ್ತವೆ. ತೀರ ಹೆಚ್ಚು ಕೊಟ್ಟರೆ ಚಿಕ್ಕ ಹಲಗೆಯ ಸ್ಮೃತಿ ಅಲ್ಲೇ ಮುಗಿದು ಗೇಟು ನಡೆಸುವ ಕೆಲಸಕ್ಕೇ ಜಾಗ ಉಳಿಯುವುದಿಲ್ಲ. ಒಂದು ಈಥರ್‌ನೆಟ್ ಪತ್ರದ ಹೊಟ್ಟೆಯಲ್ಲಿ ಹಿಡಿಯುವುದು ಹೆಚ್ಚೆಂದರೆ 1,500 ಬೈಟ್. ಲೆಕ್ಕ ಹಾಕಿ ಹಂಚಬೇಕು.

ಐದನೆಯದು, ನಿನ್ನ ಊರು ಯಾವುದು, ಊರ ಹೊರಗಿನ ಬಾಗಿಲು ಯಾವುದು? ಇದು ಐಪಿ ವಿಳಾಸ, ಮಾಸ್ಕ್, ಗೇಟ್‌ವೇ ಎಂಬ ಮೂರು ಸಾಲುಗಳ ಮಾತು. ಪೆಟ್ಟಿಗೆಯ ವಿಳಾಸ 192.168.10.25, ನಿಯಂತ್ರಣ ಕೋಣೆಯದು 192.168.1.5 ಎಂದಿಟ್ಟುಕೊಳ್ಳಿ. ಮಾಸ್ಕ್ 255.255.255.0 ಇದ್ದರೆ ಪೆಟ್ಟಿಗೆಗೆ ನಿಯಂತ್ರಣ ಕೋಣೆ ಪರವೂರು ಎಂದು ತಿಳಿಯುತ್ತದೆ. ಪತ್ರವನ್ನು ಗೇಟ್‌ವೇ ಎಂಬ ಊರ ಬಾಗಿಲಿಗೆ ಕೊಡುತ್ತದೆ. ಮಾಸ್ಕ್ ತಪ್ಪಿ 255.255.0.0 ಎಂದಾದರೆ ನಿಯಂತ್ರಣ ಕೋಣೆ ತನ್ನ ಓಣಿಯಲ್ಲೇ ಇದೆಯೆಂದು ಭ್ರಮಿಸಿ ಅಲ್ಲೇ ಕೂಗುತ್ತ ನಿಲ್ಲುತ್ತದೆ. ಓಗೊಡುವವರಿಲ್ಲ. ಪಕ್ಕದ ಪೆಟ್ಟಿಗೆಯ ಜೊತೆ ಮಾತು ಸಾಗುತ್ತಿರುವುದರಿಂದ ಡ್ರೈವರ್ ಕೆಟ್ಟಿಲ್ಲ ಎಂಬುದಂತೂ ಖಚಿತ. ಕೆಟ್ಟಿರುವುದು ಒಂದೇ ಅಂಕಿ.

ಆರನೆಯ ಪ್ರಶ್ನೆ ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಸಂಪರ್ಕ ಹೋದರೆ ಏನು ಮಾಡುತ್ತೀ? ಕರೆಂಟು ಹೋಗಿ ಬಂತೆನ್ನಿ. ಗೇಟಿನ ಹಲಗೆ ಕೆಲವೇ ಸೆಕೆಂಡುಗಳಲ್ಲಿ ಎದ್ದು ಕೂಡುತ್ತದೆ. ಜಾಲದ ಉಳಿದ ಯಂತ್ರಗಳಿಗೆ ಒಂದೆರಡು ನಿಮಿಷ ಬೇಕು. ಹಲಗೆ ತನ್ನ ಐಪಿ ವಿಳಾಸವನ್ನು ಬೇರೊಂದು ಯಂತ್ರದಿಂದ ಕೇಳಿ ಪಡೆಯುವಂತೆ ಹೊಂದಿಸಿದ್ದರೆ, ನಾಲ್ಕು ಸಲ ಕೇಳಿ, ಉತ್ತರ ಬಾರದೆ, ಕೇಳುವುದನ್ನೇ ಬಿಟ್ಟು ಕೂತುಬಿಡಬಹುದು. ಆಮೇಲೆ ಜಾಲ ಎದ್ದರೂ ಇದಕ್ಕೆ ಗೊತ್ತಾಗುವುದಿಲ್ಲ. ಯಾರಾದರೂ ಕಾಲುವೆಯ ದಂಡೆಗುಂಟ ಹೋಗಿ ಗುಂಡಿ ಒತ್ತಿ ಎಬ್ಬಿಸಬೇಕು. ಹೀಗಾಗಬಾರದೆಂದರೆ ವಿಳಾಸವನ್ನು ಹಲಗೆಯಲ್ಲೇ ಕಾಯಂ ಬರೆದಿಡಬೇಕು, ಇಲ್ಲವೇ ಉತ್ತರ ಬರುವವರೆಗೂ ಕೇಳುತ್ತಲೇ ಇರು ಎಂದು ಹೇಳಿಡಬೇಕು.

ಇಷ್ಟು ತಂತ್ರಜ್ಞಾನದ ಮಾತು. ಆ ಹೊತ್ತಿನಲ್ಲಿ ಗೇಟು ಹೇಗಿರಬೇಕು ಎಂಬುದು ಬೇಸಾಯದ ಮಾತು. ಕೊನೆಯ ಅಪ್ಪಣೆ ಬಂದಾಗ ಎಷ್ಟು ತೆರೆದಿತ್ತೋ ಅಷ್ಟೇ ಇರಲೇ? ಪೂರ್ತಿ ಮುಚ್ಚಿಕೊಳ್ಳಲೇ? ಚಾಲು–ಬಂದ್ ಪಟ್ಟಿಯನ್ನು ತನ್ನೊಳಗೇ ಇಟ್ಟುಕೊಂಡು ಅದರಂತೆ ನಡೆಯಲೇ? ಮುಚ್ಚಿದರೆ ಕೆಳಗಿನವರ ಸರದಿ ಹೋಗುತ್ತದೆ, ಮೇಲೆ ನೀರು ಕಟ್ಟಿ ದಂಡೆ ಒಡೆಯುವ ಭಯವೂ ಇದೆ. ತೆರೆದೇ ಇಟ್ಟರೆ ಬಂದ್ ಇರಬೇಕಾದ ದಿನವೂ ಹರಿದು ಹೊಲ ಸವುಳಾಗುತ್ತದೆ. ನಮ್ಮ ಎರೆಭೂಮಿಯಲ್ಲಿ ಬೇಕಿಲ್ಲದಾಗ ಬಂದ ನೀರು ಎಂಥ ಕಾಟ ಎಂಬುದನ್ನು ಇಲ್ಲಿ ಕೂತಿರುವ ಹಿರಿಯರಿಗೆ ನಾನು ಹೇಳಬೇಕಿಲ್ಲ. ಬೆಂಗಳೂರಿನಲ್ಲೋ ಬೇರೆ ದೇಶದಲ್ಲೋ ಕೂತು ಡ್ರೈವರ್ ಬರೆದವನಿಗೆ ಇದು ತಿಳಿಯುವುದಿಲ್ಲ. ಅವನು ತನಗೆ ಸುಲಭವಾದ ಉತ್ತರವನ್ನು ಮೊದಲೇ ತುಂಬಿಟ್ಟಿರುತ್ತಾನೆ. ಯಾರೂ ಕೇಳದಿದ್ದರೆ ಆ ಉತ್ತರವೇ ನಮ್ಮ ಕಾಲುವೆಯ ಕಾನೂನಾಗುತ್ತದೆ.

ಒಂದೇ ಈಥರ್‌ನೆಟ್ ಬೇರೆಬೇರೆ ಕೆಲಸಕ್ಕೆ ಬೇರೆಬೇರೆ ಉತ್ತರ ಬೇಡುತ್ತದೆ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 800 ಮೆಗಾವಾಟಿನ ಮೂರು ಘಟಕಗಳ ಉಷ್ಣ ವಿದ್ಯುತ್ ಸ್ಥಾವರವಿದೆ. ಅಂಥ ದೊಡ್ಡ ವಿದ್ಯುತ್ತಿನ ಲೋಕದಲ್ಲಿ, ಲೈನಿನಲ್ಲಿ ದೋಷ ಕಂಡಾಗ ಸ್ವಿಚ್ಚಿಗೆ "ಕಡಿ" ಎನ್ನುವ ಸುದ್ದಿ ಮೂರು ನಾಲ್ಕು ಮಿಲಿಸೆಕೆಂಡಿನಲ್ಲಿ ಮುಟ್ಟಬೇಕೆಂದು ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ಅಲ್ಲಿ ತಡವೇ ಅಪಾಯ. ಕಾಲುವೆಯಲ್ಲಾದರೋ ನೀರು ಮೇಲಿನಿಂದ ಬಾಲಕ್ಕೆ ಮುಟ್ಟಲು ದಿನಗಳೇ ಬೇಕು. ಸುದ್ದಿ ಹತ್ತು ಸೆಕೆಂಡು ತಡವಾದರೆ ಚಿಂತೆಯಿಲ್ಲ, ಸುದ್ದಿ ಕಳೆದುಹೋಗಬಾರದು ಅಷ್ಟೇ. ಆದ್ದರಿಂದ ವಿದ್ಯುತ್ ಕೇಂದ್ರದ ಹೊಂದಿಕೆಯನ್ನು ತಂದು ಕಾಲುವೆಗೆ ಹಚ್ಚಿದರೆ ನಡೆಯುವುದಿಲ್ಲ.

ಒಂದು ಹೊಂದಿಕೆ ಎಷ್ಟು ಚಿಕ್ಕದಿದ್ದು ಎಷ್ಟು ಕೆಲಸ ಕೆಡಿಸಬಲ್ಲದು ಎಂಬುದಕ್ಕೆ ಮಂಗಳ ಗ್ರಹದ ಕಥೆಯಿದೆ. 1997ರ ಜುಲೈ 4ರಂದು ಅಲ್ಲಿ ಇಳಿದ ಪಾತ್‌ಫೈಂಡರ್ ನೌಕೆಯಲ್ಲಿ ಇದ್ದುದು ವಿಎಕ್ಸ್‌ವರ್ಕ್ಸ್. ಹವಾಮಾನದ ಮಾಹಿತಿ ಕೂಡಿಹಾಕಲು ಶುರುವಾದ ಮೇಲೆ ಅದರ ಕಂಪ್ಯೂಟರು ಪದೇಪದೇ ತಾನಾಗಿಯೇ ನಿಂತು ಮೊದಲಿನಿಂದ ಶುರುವಾಗತೊಡಗಿತು. ತುರ್ತು ಕೆಲಸವೊಂದು ಸಣ್ಣ ಕೆಲಸದ ಕೈಯಲ್ಲಿದ್ದ ಕೀಲಿಗಾಗಿ ಕಾಯುತ್ತಿತ್ತು. ನಡುವೆ ಮಧ್ಯಮ ದರ್ಜೆಯ ಕೆಲಸಗಳು ನುಗ್ಗಿ ಆ ಸಣ್ಣ ಕೆಲಸ ಮುಗಿಯಲು ಬಿಡುತ್ತಿರಲಿಲ್ಲ. ಇದನ್ನು ತಡೆಯುವ ಸೌಲಭ್ಯ ತಂತ್ರಾಂಶದಲ್ಲಿತ್ತು, ಆದರೆ ಬಂದ್ ಆಗಿತ್ತು. ಎಂಜಿನಿಯರುಗಳು ಭೂಮಿಯಲ್ಲಿದ್ದ ಅದರ ತದ್ರೂಪದ ಮೇಲೆ ಅದೇ ದೋಷವನ್ನು ಮರುಕಳಿಸಿ ನೋಡಿ, ಕಾರಣ ಹಿಡಿದು, ಇಲ್ಲಿಂದಲೇ ಆ ಹೊಂದಿಕೆಯನ್ನು ಚಾಲು ಮಾಡಿದರು. ಅವರಿಗೆ ಇದು ಸಾಧ್ಯವಾಗಲು ತದ್ರೂಪವನ್ನು ಕೈಯಲ್ಲಿ ಇಟ್ಟುಕೊಂಡಿದ್ದದ್ದು ನೆರವಾಯಿತು.

ನಮ್ಮ ಗೇಟುಗಳು ಮಂಗಳದಲ್ಲಿಲ್ಲ. ಸಿಂದಗಿಯಿಂದ ಬೈಕಿನಲ್ಲಿ ಹೋಗಿ ಮುಟ್ಟಬಹುದು. ಆದರೂ ದಾಖಲೆ ಇಲ್ಲದಿದ್ದರೆ ಆ ಪೆಟ್ಟಿಗೆ ಮಂಗಳದಷ್ಟೇ ದೂರ. ಗುತ್ತಿಗೆಯ ಅವಧಿ ಮುಗಿದು ಹೊಂದಿಸಿದವನು ಹೊರಟುಹೋದ ಮೇಲೆ ಅವನ ಲ್ಯಾಪ್‌ಟಾಪಿನಲ್ಲಿದ್ದ ವಿವರವೂ ಅವನ ಜೊತೆ ಹೋದರೆ, ಮುಂದಿನವನು ಏನು ಮಾಡಬೇಕು? ಕೊನೆಗೆ ಪೆಟ್ಟಿಗೆಯನ್ನು ಬದಿಗೊತ್ತಿ ಸಬ್ಬಲಿನಿಂದ ಗೇಟು ಎತ್ತುತ್ತಾರೆ. ಅಲ್ಲಿಗೆ ತೋಳಿನ ಬಲ ಇದ್ದವನ ಸರದಿ ಮತ್ತೆ ಶುರು.

ಅದಕ್ಕೆ ನನ್ನ ಸಲಹೆ ಸರಳ. ಪ್ರತಿ ಪೆಟ್ಟಿಗೆಗೂ ಒಂದು ಪುಟದ ಹೊಂದಿಕೆ ಪಟ್ಟಿ ಇರಲಿ, ಕನ್ನಡದಲ್ಲಿ ಇರಲಿ. ಈ ಆರು ಪ್ರಶ್ನೆಗಳು, ಆರು ಉತ್ತರಗಳು, ಹೊಂದಿಸಿದ ತಾರೀಖು. ಒಂದು ಪ್ರತಿ ಪೆಟ್ಟಿಗೆಯ ಕದದ ಒಳಮೈಯಲ್ಲಿ, ಇನ್ನೊಂದು ಹತ್ತಿರದ ನೀರಾವರಿ ಕಚೇರಿಯಲ್ಲಿ. ಗುಪ್ತಪದ ಮಾತ್ರ ಅದರಲ್ಲಿ ಬರೆಯಬೇಡಿ. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಹಾಗೇ ಬಿಡಲೂ ಬೇಡಿ, ಬಿಟ್ಟರೆ ಗೇಟಿನ ಕೀಲಿಯನ್ನು ದಾರಿಹೋಕರಿಗೆ ಕೊಟ್ಟಂತೆ. ಆರನೆಯ ಪ್ರಶ್ನೆಯ ಉತ್ತರವನ್ನು ಎಂಜಿನಿಯರ್ ಒಬ್ಬರೇ ಬರೆಯುವುದು ಬೇಡ. ನೀರು ಬಳಕೆದಾರರ ಸಹಕಾರ ಸಂಘದವರನ್ನು, ಅದರಲ್ಲೂ ಬಾಲದ ಹಳ್ಳಿಯವರನ್ನು ಕೂಡಿಸಿಕೊಂಡು ಬರೆಯಲಿ.

ಐಟಿಐ, ಡಿಪ್ಲೊಮಾ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಈ ಕೆಲಸ ನಿಮ್ಮದು. ಡ್ರೈವರ್ ಬರೆಯುವುದಕ್ಕೆ ವರ್ಷಗಳ ಅಭ್ಯಾಸ ಬೇಕು. ಬರೆದ ಡ್ರೈವರನ್ನು ಹೊಂದಿಸುವುದನ್ನು ತಾಳ್ಮೆಯಿದ್ದರೆ ಬೇಗ ಕಲಿಯಬಹುದು. ಗೇಟು ಮಾತು ನಿಲ್ಲಿಸಿದಾಗ ಕ್ರಮವಾಗಿ ನೋಡಿ. ತಂತಿ ಕೂಡುವಲ್ಲಿ ದೀಪ ಹೊತ್ತಿದೆಯೇ? ಪಕ್ಕದ ಯಂತ್ರ ಓಗೊಡುತ್ತದೆಯೇ? ಗೇಟ್‌ವೇ ಓಗೊಡುತ್ತದೆಯೇ? ನಿಯಂತ್ರಣ ಕೋಣೆ ಓಗೊಡುತ್ತದೆಯೇ? ಡ್ರೈವರ್ ಇಟ್ಟಿರುವ ತಪ್ಪುಗಳ ಲೆಕ್ಕದಲ್ಲಿ ಡಿಕ್ಕಿಗಳು ಏರುತ್ತಿವೆಯೇ, ಪತ್ರಗಳು ಬಿದ್ದುಹೋಗುತ್ತಿವೆಯೇ? ಎಲ್ಲಿ ಉತ್ತರ ನಿಲ್ಲುತ್ತದೋ ದೋಷ ಆ ಆಸುಪಾಸಿನಲ್ಲೇ ಇರುತ್ತದೆ. ಏನನ್ನು ಬದಲಿಸಿದಿರೋ ಅದನ್ನು ಆಗಲೇ ಪಟ್ಟಿಯಲ್ಲಿ ಬರೆಯಿರಿ.

ಆಲಮಟ್ಟಿಯ ಅಡಿಗಲ್ಲಿನಿಂದ ಇಂಡಿಯ ಹೊಲದವರೆಗೆ ನೀರು ತರಲು ಬಹಳ ಜನರ ಊರು ಮುಳುಗಿದೆ, ಬಹಳ ವರ್ಷ ಕಳೆದಿವೆ. ಆ ನೀರು ಕೊನೆಯ ಗೇಟಿನ ಹತ್ತಿರ ಒಂದು ತಪ್ಪು ಅಂಕಿಗಾಗಿ ನಿಲ್ಲಬಾರದು. ಆ ಅಂಕಿಯನ್ನು ಓದಿ ತಿದ್ದಬಲ್ಲವರು ಈ ನಾಲ್ಕು ತಾಲ್ಲೂಕುಗಳಲ್ಲೇ ಇರಬೇಕು, ಊರಿಗೊಬ್ಬರಾದರೂ ಇರಬೇಕು.